ಮೂವತ್ತೊಂದನೇ ಮೂಳೆ

ಹಳೇ ಪ್ಲೇಟನ್ನೇ ಮತ್ತೆ ತಯಾರಿಸುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಅವನು ಪೆನ್ನು ತೆರೆದಿದ್ದ. ಅವಳು ಪ್ಲಾಸ್ಟಿಕ್ ಮೂಳೆಯೊಂದನ್ನು ತಂದು ಆ ಪತ್ರದ ಮೇಲೆಯೇ ಕುಕ್ಕಿದಳು. ಅದರ ಮೇಲೆ ಲೋಹದ ಪ್ಲೇಟು ಇಟ್ಟು ಒಂದು ತುದಿ ಒತ್ತಿದಳು. ಇನ್ನೊಂದು ತುದಿ ಮೇಲೆದ್ದಿತು.

"ಎಲ್ರಿಗೂ ಕೂರುತ್ತೆ ಅಂದ್ರಲ್ಲ ಮೀಟಿಂಗಲ್ಲಿ... ಕೂರಿಸಿ, ನೋಡೋಣ."

ಡಿಸೈನರ್ ಆಗಿದ್ದ ಅವನು ಬೆಪ್ಪಾದ. ಮುರಿದ ಕಾಲರ್ ಬೋನಿಗೆ ಪ್ಲೇಟು ತಯಾರಿಸುವ ಈ ಕಂಪನಿಯಲ್ಲಿ ಮೂರು ವರ್ಷದಿಂದ ತುಟಿಪಿಟಕ್ಕೆನ್ನದ 'ಅಳತೆ ಮೇಡಂ' ಇವಳೇನಾ?

"ಸರಾಸರಿಗೆ ಮಾಡಿರೋದು ಮೇಡಂ. ಹೆಚ್ಚುಕಮ್ಮಿ ಇದ್ರೆ ಡಾಕ್ಟರು ಬಗ್ಗಿಸ್ಕೋತಾರೆ."

"ಅರವತ್ತು ಜನರ ಸ್ಕ್ಯಾನಿಂದ ಮಾಡಿದ ಇಂಥ ಮೂಳೆ ಅಳೆದೆ. ಹದಿನೆಂಟಕ್ಕೆ ಕೂರಲಿಲ್ಲ. ಅದರಲ್ಲಿ ಹದಿನಾರು ಹೆಂಗಸರದು. ನಿಮ್ಮ ಸರಾಸರಿಯಲ್ಲಿ ಹೆಂಗಸರೇ ಇಲ್ವಾ?"

ಅವನಿಗೂ ರೇಗಿತು. "ಮೀಟಿಂಗಲ್ಲೇ ಬಾಯಿ ಬಿಡಬೇಕಿತ್ತು. ನನ್ನ ಕಂಡ್ರೆ ನಿಮಗಾಗಲ್ಲ, ಗೊತ್ತು. ಆ ಸಿಟ್ಟು ಪ್ಲೇಟಿನ ಮೇಲೆ ಯಾಕೆ?"

"ಆಗಲ್ಲ ಅಂತ ಯಾರು ಹೇಳಿದ್ದು?"

"ಹೋದ ತಿಂಗಳು ನಿಮ್ಮ ಬ್ಯಾಗಿನ ಪಟ್ಟಿ ಜಾರ್ತಿತ್ತು ಅಂತ ಸರಿಮಾಡಿದೆ. ಕೆಂಡ ಮುಟ್ಟಿದ ಹಾಗೆ ಹಾರಿದ್ರಿ. ಆಮೇಲೆ ನನ್ನ ಮುಖಾನೂ ನೋಡಿಲ್ಲ."

ಅಯ್ಯೋ... ಇಷ್ಟು ದಿನ ಹೀಗಂದುಕೊಂಡಿದ್ದನಾ? ಅವಳು ಪ್ಲಾಸ್ಟಿಕ್ ಮೂಳೆಯನ್ನು ಅವನತ್ತ ತಳ್ಳಿದಳು.

"ಇದು ಯಾರ ಮೂಳೆ ಗೊತ್ತಾ?"

"ನಂಬರ್ ಮೂವತ್ತೊಂದು."

"ನಂದು."

ಅವನ ಕೈಯಿಂದ ಪೆನ್ನು ಜಾರಿತು.

"ನಾಲ್ಕು ವರ್ಷದ ಹಿಂದೆ ಸ್ಕೂಟರಿಂದ ಬಿದ್ದೆ. ಒಳಗಿರೋದು ನಿಮ್ಮ ಪ್ಲೇಟೇ. ತುದಿ ಚರ್ಮದಡಿ ಎದ್ದು ನಿಂತಿದೆ. ಪಟ್ಟಿ ತಾಗಿದ್ರೆ ಪ್ರಾಣ ಹೋಗುತ್ತೆ. ಅಮ್ಮ ಇವತ್ತಿಗೂ ಒಂದು ಬಕೆಟ್ ಎತ್ತೋಕೆ ಬಿಡಲ್ಲ. ಅವತ್ತು ಹಾರಿದ್ದು ನೋವಿಗೆ. ಮುಖ ನೋಡದೆ ಇದ್ದಿದ್ದು... ಆ ಉಬ್ಬು ನಿಮ್ಮ ಕೈಗೆ ಸಿಕ್ಕಿತೇನೋ ಅನ್ನೋ ನಾಚಿಕೆಗೆ."

ಅವನು ಪ್ಲೇಟಿನ ತುದಿ ಒತ್ತಿದ. ಅಲುಗಿತು. ಮತ್ತೆ ಒತ್ತಿದ. ತಾನು ಗೆರೆ ಎಳೆದಿದ್ದ ತಿರುವು... ಇವಳ ಹೆಗಲಲ್ಲಿ, ನಾಲ್ಕು ವರ್ಷದಿಂದ.

ಪೆನ್ನು ಹೆಕ್ಕಿಕೊಂಡು ಪತ್ರದಲ್ಲಿದ್ದ 'ಎಲ್ಲರಿಗೂ ಸೂಕ್ತ' ಎಂಬುದನ್ನು ಹೊಡೆದುಹಾಕಿದ. 'ಸಣ್ಣ ಮೂಳೆಗೆ ಬೇರೆ ಪ್ಲೇಟು ಆಗುವವರೆಗೆ ತಡೆಹಿಡಿಯಿರಿ' ಎಂದು ಬರೆದು ಸಹಿ ಹಾಕಿದ.

"ಡೈರೆಕ್ಟರು ನನ್ನ ಚರ್ಮ ಸುಲೀತಾರೆ."

"ಸುಲೀಲಿ."

"ಇನ್ನೂ ಕೋಪಾನಾ?"

"ಹೂಂ. ಹೊಸ ಪ್ಲೇಟು ಅಲುಗಾಡದೆ ಕೂರೋವರೆಗೂ. ದಿನಾ ಬಂದು ಬೈತೀನಿ."

"ಒಂದು ವರ್ಷ ಹಿಡಿಯುತ್ತೆ."

"ಒಂದು ವರ್ಷ ಬೈತೀನಿ."

ಅವನು ಕೈ ಚಾಚಿದ, ಹೆಗಲಿನತ್ತ ಅಲ್ಲ, ಬ್ಯಾಗಿಗೆ. ಅವಳು ತಡೆದು, ಆಮೇಲೆ ಕೊಟ್ಟಳು. ಅದನ್ನು ಅವನು ತನ್ನ ಹೆಗಲಿಗೇ ಹಾಕಿಕೊಂಡ.

"ಬನ್ನಿ ಮತ್ತೆ ದಿನಾ. ನಿಮ್ಮ ಒಂದು ಮಾತಿಗೆ ಮೂರು ವರ್ಷ ಕಾದಿದೀನಿ."

"ಬೈಗುಳ ಆದ್ರೂನಾ?"

"ಬೈಗುಳದಿಂದಲೇ ಶುರುವಾಗ್ಲಿ."