ಅಣ್ಣನ ಕೆಂಪು ಬಟನ್

"ಬಿದ್ದಿದ್ದು ನಾಲ್ಕು. ನಡೆಸಿದ್ದು ಐದು. ಕಳ್ಳಿ," ಎಂದಿತು ಅಣ್ಣನ ಲ್ಯಾಪ್‌ಟಾಪ್.

ಚೂಟಿಗೆ ಮೈಯೆಲ್ಲ ಉರಿಯಿತು. ಲೂಡೋ ಕಾಯಿಯನ್ನು ಐದು ಮನೆ ನಡೆಸಿದ್ದೇನೋ ನಿಜ, ಆದರೆ ಕಳ್ಳಿ ಅನ್ನಿಸಿಕೊಳ್ಳುವುದೆಂದರೆ! ಕೀಬೋರ್ಡಿನ ಸ್ಲೀಪ್ ಕೀಯನ್ನು ಟಪ್ಪನೆ ಒತ್ತಿದಳು. ಸ್ಕ್ರೀನ್ ಕಪ್ಪಾಯಿತು.

"ಈಗ ಹೇಳು ನೋಡೋಣ!"

ಅಣ್ಣ ಹೇಗೆ ಹೇಳಿಯಾನು? ಅವನಿಗೆ ಮಾತು ಬರುವುದಿಲ್ಲ. ಕೈಕಾಲು ಅವನು ಹೇಳಿದಂತೆ ಕೇಳುವುದಿಲ್ಲ. ಬಲಗೈಯ ಹೆಬ್ಬೆರಳು ಮಾತ್ರ ಕೇಳುತ್ತದೆ. ಅದರ ಕೆಳಗೊಂದು ದೊಡ್ಡ ಕೆಂಪು ಬಟನ್, ಅದರ ವೈರ್ ಲ್ಯಾಪ್‌ಟಾಪಿನ ಯುಎಸ್‌ಬಿ ಪೋರ್ಟಿಗೆ. ಸ್ಕ್ರೀನಿನ ಮೇಲೆ ಅಕ್ಷರಗಳು ಒಂದಾದ ಮೇಲೊಂದು ಹೊಳೆಯುತ್ತವೆ. ಬೇಕಾದ ಅಕ್ಷರ ಬಂದಾಗ ಅಣ್ಣ ಬಟನ್ ಒತ್ತುತ್ತಾನೆ. ಮಾತು ಪೂರ್ತಿಯಾದಾಗ ಲ್ಯಾಪ್‌ಟಾಪ್ ಅದನ್ನು ಗಟ್ಟಿಯಾಗಿ ಓದುತ್ತದೆ. ಹೌದು ಅನ್ನಬೇಕಾದರೆ ಮಾತ್ರ ಕಣ್ಣು ಮೇಲೆತ್ತಿದರೆ ಸಾಕು.

ಐದು ನಿಮಿಷಕ್ಕೆ ಚೂಟಿಯ ಕೋಪ ಇಳಿಯಿತು. ಲ್ಯಾಪ್‌ಟಾಪನ್ನು ಎಬ್ಬಿಸಿದಳು. ಅಕ್ಷರಗಳು ಹೊಳೆದವು. ಅಣ್ಣ ಒತ್ತಿದ. ಏನೂ ಆಗಲಿಲ್ಲ. ವೈರ್ ಕಿತ್ತು ಮತ್ತೆ ಚುಚ್ಚಿದಳು. ಊಹೂಂ.

"ಅಮ್ಮಾ, ಬಟನ್ ಮತ್ತೆ ಕೈಕೊಡ್ತು!"

ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದಳು. ಬಟನ್ ಕೆಲಸ ಮಾಡಿತು.

"ಈ ವಾರ ಇದು ಮೂರನೇ ಸಲ. ಸಾಕಪ್ಪಾ ಸಾಕು! ನಾಳೆ ರಿಪೇರಿ ಅಂಕಲ್‌ಗೆ ಕೊಟ್ಟುಬಿಡ್ತೀನಿ. ಬಟನ್ನನ್ನ ಕಂಪನಿಗೆ ಕಳಿಸಿ ವಾಪಸ್ ತರಿಸೋಕೆ ಒಂದು ತಿಂಗಳಾಗುತ್ತಂತೆ."

"ಒಂದು ತಿಂಗಳಾ? ಅಲ್ಲೀತನಕ ಅಣ್ಣ ಹೇಗೆ ಮಾತಾಡ್ತಾನೆ?"

"ಇನ್ನೇನು ಮಾಡ್ಲಿ ಹೇಳು? ಹೋದ ಸಲ ತೋರಿಸೋಕೆ ಕೊಟ್ಟಾಗ ಅವರ ಅಂಗಡೀಲಿ ಇಡೀ ದಿನ ಚೆನ್ನಾಗಿತ್ತಂತೆ. ಮನೆಗೆ ಬಂದ್ರೆ ಅದೇನು ರೋಗ ಬರುತ್ತೋ!"

ಚೂಟಿ ಸ್ಲೀಪ್ ಕೀಯತ್ತ ನೋಡಿದಳು. ಅಂಗಡಿಯಲ್ಲಿ ಅಣ್ಣನ ಜೊತೆ ಜಗಳ ಆಡುವವರು ಯಾರೂ ಇಲ್ಲ. ಸ್ಲೀಪ್ ಕೀ ಒತ್ತುವವರೂ ಇಲ್ಲ. ಈ ವಾರ ಬಟನ್ ಕೆಟ್ಟಿದ್ದು ಮೂರು ಸಲ, ಅವಳು ಜಗಳ ಆಡಿದ್ದೂ ಮೂರು ಸಲ.

ಬಾಯಿಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಣ್ಣನಿಗೆ ಗೊತ್ತಿತ್ತು, ಆದರೆ ಅವನು ಚಾಡಿ ಹೇಳಿರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

"ಅಮ್ಮಾ, ಜಗಳ ಆದಾಗೆಲ್ಲ ನಾನೇ ಲ್ಯಾಪ್‌ಟಾಪ್ ಸ್ಲೀಪ್ ಮಾಡ್ತಿದ್ದೆ. ಎದ್ದಮೇಲೆ ಅದಕ್ಕೆ ಬಟನ್ ಕಾಣಿಸ್ತಿಲ್ಲ ಅನ್ಸುತ್ತೆ."

"ಅವನ ಬಾಯಿ ಮುಚ್ಚಿಸ್ತಿದ್ಯಾ?" ಅಮ್ಮ ಕೇಳಿದ್ದು ಅಷ್ಟೇ.

ಚೂಟಿಯ ಕಣ್ಣು ತುಂಬಿ ಬಂತು. "ಸಂಜೆವರೆಗೂ ಟೈಮ್ ಕೊಡಮ್ಮ. ನಾನು ಕಂಡುಹಿಡೀತೀನಿ."

"ನಾವು," ಎಂದಿತು ಲ್ಯಾಪ್‌ಟಾಪ್. ಆಮೇಲೆ ನಿಧಾನಕ್ಕೆ, "ಒಂದು ಸಲಕ್ಕೆ ಒಂದೇ ಬದಲಾವಣೆ. ಬರ್ಕೋ."

ಚೂಟಿ ರಫ್ ಬುಕ್ ತಂದಳು. ಕೆಲಸ ಶುರುವಾಯಿತು. ಪ್ರತಿ ಪರೀಕ್ಷೆಗೂ ಲ್ಯಾಪ್‌ಟಾಪ್ ಮಲಗಬೇಕು, ಅಂದರೆ ಅಣ್ಣನ ಮಾತೂ ನಿಲ್ಲಬೇಕು. "ಮಲಗಿಸ್ಲಾ?" ಎಂದು ಈ ಸಲ ಅವಳು ಕೇಳಿಯೇ ಒತ್ತಿದಳು. ಅಣ್ಣನ ಕಣ್ಣು ಮೇಲೆ ಹೋಯಿತು.

ಪಕ್ಕದ ಪೋರ್ಟಿಗೆ ಹಾಕಿದರೂ ಬಟನ್ ಏಳಲಿಲ್ಲ. ಬಟನ್ ತೆಗೆದು ಅಮ್ಮನ ಮೌಸ್ ಹಾಕಿದರೆ ಅದೂ ಏಳಲಿಲ್ಲ.

"ಅಣ್ಣಾ, ಮೌಸೂ ಸತ್ತಿದೆ! ಹಾಗಾದ್ರೆ ಬಟನ್‌ದೇನೂ ತಪ್ಪಿಲ್ಲ ಪಾಪ!"

ಅಷ್ಟು ಖುಷಿಯಿಂದ ಸತ್ತ ಸುದ್ದಿ ಹೇಳಿದವರನ್ನು ಅಣ್ಣ ಕಂಡಿರಲಿಲ್ಲ. ನಕ್ಕುಬಿಟ್ಟ. ಲ್ಯಾಪ್‌ಟಾಪ್ ಮತ್ತೆ ಆನ್ ಆದಾಗ, "ಸೆಟ್ಟಿಂಗ್ಸ್. ಯುಎಸ್‌ಬಿ ಹುಡುಕು," ಎಂದ.

ಹುಡುಕಿ ಹುಡುಕಿ ಕತ್ತು ನೋಯತೊಡಗಿತು. ಆಡಲು ಬಾ ಎಂದು ಗೆಳತಿಯರು ಕಿಟಕಿಯಲ್ಲಿ ಎರಡು ಸಲ ಕೂಗಿದರು. ಚೂಟಿ ಏಳಲಿಲ್ಲ. ಕೊನೆಗೆ ಒಂದು ಸಾಲು ಸಿಕ್ಕಿತು. ಬ್ಯಾಟರಿ ಉಳಿಸಲು ಕಂಪ್ಯೂಟರ್ ಈ ಪೋರ್ಟನ್ನು ಆಫ್ ಮಾಡಬಹುದು ಎಂದಿತ್ತು. ಪಕ್ಕದಲ್ಲಿ ಟಿಕ್ ಮಾರ್ಕ್.

"ಅಯ್ಯೋ ಇದರ! ಮಲಗೋವಾಗ ಪೋರ್ಟಿನ ಕರೆಂಟ್ ಆರಿಸುತ್ತೆ, ಎದ್ದಮೇಲೆ ಹಾಕೋದನ್ನೇ ಮರೆಯುತ್ತೆ!"

ಟಿಕ್ ತೆಗೆದಳು. ಮಲಗಿಸಿದಳು. ನೂರು ಎಣಿಸಿ ಎಬ್ಬಿಸಿದಳು. ಅಣ್ಣ ಒತ್ತಿದ.

"ಅ," ಎಂದಿತು ಲ್ಯಾಪ್‌ಟಾಪ್.

ಚೂಟಿ ಕುಣಿದಳು. ಅಣ್ಣ ಮಾತ್ರ, "ಇನ್ನೂ ಮೂರು ಸಲ ನೋಡು," ಎಂದ. ನೋಡಿದರು. ಮೂರು ಸಲವೂ ಬಟನ್ ಎದ್ದಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ ಮಗಳ ತಲೆ ಸವರಿ ಒಳಗೆ ಹೋದಳು.

"ಈಗ ಏನು ಬೇಕಾದ್ರೂ ಹೇಳು. ಬೈದ್ರೂ ಪರವಾಗಿಲ್ಲ."

ಅಕ್ಷರಗಳು ಬಹಳ ಹೊತ್ತು ಹೊಳೆದವು.

"ಮೊನ್ನೆ ಕಾಲಿಗೆ ಇರುವೆ ಹತ್ತಿತ್ತು."

ಚೂಟಿ ಕಿಸಕ್ಕನೆ ನಕ್ಕಳು. ಮರುಕ್ಷಣ ನಗು ನಿಂತಿತು. ಮೊನ್ನೆ ಮಧ್ಯಾಹ್ನ ಅಮ್ಮ ಹೊರಗೆ ಹೋಗಿದ್ದಳು. ಬಟನ್ ಏಳದಿದ್ದಾಗ ಚೂಟಿ, "ನೀರು ಬೇಕಾ? ಫ್ಯಾನ್ ಹಾಕ್ಲಾ?" ಎಂದು ಕೇಳಿದ್ದಳು. ಅಣ್ಣನ ಕಣ್ಣು ಮೇಲೆ ಹೋಗಲಿಲ್ಲ. "ಹಾಗಾದ್ರೆ ನಿಂಗೆ ಬರೀ ಕೋಪ," ಎಂದು ಆಡಲು ಓಡಿದವಳು ಮನೆಗೆ ಬಂದದ್ದು ಸಂಜೆಗೆ.

ಅವಳು ಮೆಲ್ಲಗೆ ಅವನ ಕಾಲ ಮೇಲಿನ ಹೊದಿಕೆ ಸರಿಸಿದಳು. ಅಣ್ಣನ ಪಾದದಿಂದ ಮೊಣಕಾಲಿನವರೆಗೂ ಸಣ್ಣ ಸಣ್ಣ ಕೆಂಪು ಗುಳ್ಳೆಗಳಿದ್ದವು. ಎಣಿಸಲು ಹೋಗಿ ಬಿಟ್ಟಳು. ಮುಲಾಮು ತಂದು ಒಂದೊಂದಕ್ಕೂ ಹಚ್ಚಿದಳು.

"ಅಣ್ಣಾ, ಇನ್ನೂ ಏನಾದ್ರೂ ಹೇಳೋದಿದ್ಯಾ?"

ಅಣ್ಣನ ಕಣ್ಣು ಮೇಲೆ ಹೋಯಿತು. ಸ್ಕ್ರೀನಿನಲ್ಲಿ ಅಕ್ಷರಗಳು ಮತ್ತೆ ಮೊದಲಿನಿಂದ ಹೊಳೆಯತೊಡಗಿದವು. ಚೂಟಿ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು.