ಹೊಸ್ತಿಲ ಕೆಳಗಿನ ಕೂದಲು

“ಹೆಂಡ್ತೀನ ಬೇರೆ ಕರ್ಕೊಂಡು ಬಂದಿದ್ದೀಯಲ್ಲ ಮಗನೇ. ಹಿಮ ಬೀಳೋ ಮುಂಚೆ ಹೊರಟುಬಿಡು. ಈ ಬಾಗಿಲು ಕಾಯೋದು ಸಂಸಾರಸ್ಥರ ಕೆಲಸ ಅಲ್ಲ,” ಎಂದ ಹಳೆಯ ಕಾವಲುಗಾರ ಇಲ್ಯಾಸಜ್ಜ.

ಕೈಸೇರಿಯಿಂದ ಸಿವಾಸಿಗೆ ಹೋಗುವ ದಾರಿಯಲ್ಲಿದ್ದ ಸುಲ್ತಾನನ ಛತ್ರಕ್ಕೆ ಹೊಸ ಕಾವಲುಗಾರನಾಗಿ ಬಂದಿದ್ದ ಸುಂಗುರ್ ನಕ್ಕುಬಿಟ್ಟ. ಅವನು ಕಾಳಗಗಳನ್ನು ಕಂಡ ಹಳೆಯ ಸಿಪಾಯಿ. ಮುದುಕ ಹೊಸ್ತಿಲನ್ನು ಮೆಟ್ಟದೆ ದಾಟುವುದೇ ಅವನಿಗೆ ತಮಾಷೆಯಾಗಿತ್ತು.

“ಇದರ ಕೆಳಗೆ ಕೂದಲಿದೆ. ಛತ್ರ ಕಟ್ಟಿದ ಮೊದಲ ಚಳಿಗಾಲದಲ್ಲಿ, ಕತ್ತಲಾಯ್ತು ಅಂತ ಕಾವಲುಗಾರ ಹುಡುಗಿಯೊಬ್ಬಳಿಗೆ ಬಾಗಿಲು ತೆಗೀಲಿಲ್ಲ. ಬೆಳಗಾಗೋ ಹೊತ್ತಿಗೆ ಮರಗಟ್ಟಿ ಸತ್ತು ಹೋಗಿದ್ದಳು. ಅವಳ ತಾಯಿ ಮಾಟ ಬಲ್ಲವಳು. ಮಗಳ ಜಡೆ ಕತ್ತರಿಸಿ, ಗಂಟು ಹಾಕಿ, ಸೀಸದಲ್ಲಿ ಸುತ್ತಿ ಇಲ್ಲಿ ಹೂತಳು. ಈ ಬಾಗಿಲು ಕಾಯೋನಿಗೆ ತನ್ನವರ ಗುರುತು ಹತ್ತದೇ ಹೋಗ್ಲಿ ಅಂದಳು.”

“ನಿಮಗೇನೂ ಆಗಲಿಲ್ವಲ್ಲ ಅಜ್ಜ?”

“ನನ್ನವರು ಅಂತ ನನಗೆ ಯಾರಿದ್ದಾರೆ?”

“ನನ್ನ ಹೆಂಡ್ತಿ ಐಬೂಕೆ ಕೆಮ್ಮಿದ್ರೂ ನನಗೆ ಗುರುತು ಸಿಗುತ್ತೆ ಬಿಡಿ,” ಎಂದ ಸುಂಗುರ್, ಬೇಕೆಂದೇ ಹೊಸ್ತಿಲ ಮೇಲೆ ಎರಡೂ ಕಾಲೂರಿ ನಿಂತ. ಪಾದರಕ್ಷೆಯನ್ನು ಹಾದು ಚಳಿ ಮೊಣಕಾಲಿಗೆ ಏರಿತು. ಮುದುಕ ಕತ್ತೆಯೇರಿ ಹೋದ.

ಗಂಡಹೆಂಡಿರಿಗೆ ಛತ್ರ ಹಿಡಿಸಿತು. ಜೇನುಗೂಡಿನಂತೆ ಕೆತ್ತಿದ ಎತ್ತರದ ಹೆಬ್ಬಾಗಿಲು, ಅಂಗಳದ ನಡುವೆ ನಾಲ್ಕು ಕಮಾನುಗಳ ಮೇಲೆ ನಿಂತ ಪುಟ್ಟ ಮಸೀದಿ, ಅದರಾಚೆ ಚಳಿಗಾಲದ ಹಜಾರ. ಕಂಬಗಳ ಸಾಲಿನ ಆ ಹಜಾರಕ್ಕೆ ಕಿಟಕಿಗಳೆಂದರೆ ಬೆರಳಗಲದ ಸೀಳುಗಳು ಮಾತ್ರ. ಒಳಗೆ ಸದಾ ಒಂಟೆಯ ಬೆವರು, ಒದ್ದೆ ಉಣ್ಣೆ, ಸಗಣಿಹೊಗೆಯ ವಾಸನೆ.

ಚಳಿ ಬಲಿತ ಒಂದು ದಿನ ಐಬೂಕೆ ಕೆಳಗಿನ ಹಳ್ಳಿಗೆ ಬಾಣಂತಿಯೊಬ್ಬಳ ಆರೈಕೆಗೆ ಹೋದಳು. ಮಧ್ಯಾಹ್ನದ ಮೇಲೆ ಹಿಮಗಾಳಿ ಎದ್ದಿತು. ಹಳ್ಳಿಯಲ್ಲೇ ಉಳಿಯುತ್ತಾಳೆ ಎಂದುಕೊಂಡು ಸುಂಗುರ್ ಬೇಗನೆ ಅಗುಳಿ ಹಾಕಿದ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು.

“ಸುಂಗುರ್, ನಾನು.”

ತೆಗೆದ. ಮುಸುಕೆಳೆದುಕೊಂಡು, ತಲೆ ತಗ್ಗಿಸಿ ಒಳಬಂದಳು. ಅವಳದೇ ಶಾಲು. ಅವಳದೇ ನಡಿಗೆ. “ಇಂಥಾ ಗಾಳೀಲಿ ಯಾಕೆ ಬಂದೆ?” ಎಂದು ಅವನು ಮತ್ತೆ ಅಗುಳಿ ಹಾಕುತ್ತ ಕೇಳುತ್ತಿದ್ದಂತೆಯೇ ಹಜಾರಕ್ಕೆ ಹೋಗಿ, ಬೆಂಕಿಯೆದುರು ಅವನಿಗೆ ಬೆನ್ನು ಮಾಡಿ ಕುಳಿತಳು. ಸುಟ್ಟ ಕೂದಲಿನ ಕಮಟು ಹಬ್ಬಿತು. ಒಂಟೆಗಳು ಹಗ್ಗ ಜಗ್ಗಿ ದೂರ ಸರಿದವು.

ಅಷ್ಟರಲ್ಲಿ ಯಾರೋ ಮತ್ತೆ ಹೆಬ್ಬಾಗಿಲು ಬಡಿದರು. ಸುಂಗುರ್ ಅಲ್ಲಿಗೆ ಹೋದ.

“ಸುಂಗುರ್, ತೆಗಿ. ಕಾಲು ಮರಗಟ್ತಿದೆ.”

ಅದೇ ದನಿ. ಅವನು ತಿರುಗಿ ನೋಡಿದ. ಮಸೀದಿಯ ಕಮಾನುಗಳಾಚೆ, ಹಜಾರದ ಬೆಂಕಿಯೆದುರು ಶಾಲು ಅಲುಗದೆ ಕುಳಿತಿತ್ತು.

“ಯಾರು ನೀನು?”

“ಏನು ಹುಚ್ಚು ನಿನಗೆ? ನಾನು, ಐಬೂಕೆ.”

ತಬ್ರೀಜಿನ ವರ್ತಕನೊಬ್ಬ ಎದ್ದು ಬಂದ. “ಯಾರೋ ಹೆಂಗಸು ಕೂಗ್ತಿದ್ದಾಳೆ. ತೆಗೀಬಾರದಾ?”

“ನನ್ನ ಹೆಂಡತಿ ಒಳಗಿದ್ದಾಳೆ,” ಎಂದ ಸುಂಗುರ್. ಮುದುಕ ಹೇಳಿದ್ದನ್ನು ಅವನಿಗೂ ಹೇಳಿದ. ವರ್ತಕ ಬೆದರಿ ಪ್ರಾರ್ಥನೆ ಹೇಳತೊಡಗಿದ.

“ಮದುವೆ ದಿನ ನಿನ್ನ ಕುದುರೆ ನನ್ನ ಮುಸುಕು ತಿಂದಿತ್ತಲ್ಲೋ. ನೆನಪಿಲ್ವಾ? ತೆಗಿಯೋ.”

ಪಿಶಾಚಿಗೆ ಎಲ್ಲವೂ ಗೊತ್ತು. ಅವನು ಅಗುಳಿಗೆ ಹೆಗಲು ಕೊಟ್ಟ. ಕಿವಿ ಮುಚ್ಚಿದ. ದನಿ ಬಾಗಿಲಿನುದ್ದಕ್ಕೂ ಕೆಳಗಿಳಿಯಿತು. ಉಗುರು ಕೆರೆಯಿತು. ನಿಂತಿತು. ಮತ್ತೆ ಕೆರೆಯಿತು. ಆಮೇಲೆ ಗಾಳಿ. ಬರೀ ಗಾಳಿ.

ಬೆಳಕು ಹರಿಯಿತು. ಛತ್ರದ ಪದ್ಧತಿಯಂತೆ, ಬಾಗಿಲು ತೆಗೆಯುವ ಮುಂಚೆ ಸುಂಗುರ್ ಅಂಗಳದಲ್ಲಿ ನಿಂತು ಕೇಳಿದ: “ಎಲ್ಲರ ಸಾಮಾನೂ ಸರಿಯಾಗಿದೆಯಾ? ಏನಾದ್ರೂ ಕಳ್ಕೊಂಡವರಿದ್ದೀರಾ?”

ಕಳ್ಕೊಂಡವರು ಯಾರೂ ಇರಲಿಲ್ಲ.

ಅಗುಳಿ ಸರಿಸಿದ. ಹೆಬ್ಬಾಗಿಲ ಪಕ್ಕದ ಗೂಡಿನಲ್ಲಿ ಒಬ್ಬ ಹೆಂಗಸು ಮುದುಡಿ ಬಿದ್ದಿದ್ದಳು. ಕುರಿಮಂದೆಯ ನಾಯಿಯೊಂದು ಅವಳ ಮೇಲೊರಗಿ ಮಲಗಿತ್ತು. ಉಗುರುಗಳಲ್ಲಿ ಬಾಗಿಲ ಮರದ ಸಿಬಿರು. ಉಸಿರಿತ್ತು. ಸುಂಗುರ್ ಹಜಾರಕ್ಕೆ ಓಡಿದ. ಬೆಂಕಿಯೆದುರು ಒದ್ದೆ ಕಲ್ಲು ಮಾತ್ರ ಇತ್ತು.

ಛತ್ರದ ಬೆಚ್ಚನೆಯ ಸ್ನಾನದ ಮನೆಗೆ ಒಯ್ದು ಉಜ್ಜಿದ ಮೇಲೆ ಅವಳು ಕಣ್ಣು ಬಿಟ್ಟಳು. “ಸುಂಗುರ್,” ಎಂದಳು. ಅವನು ಬಾಗಿ ನೋಡಿದ. ಗಲ್ಲದ ಮಚ್ಚೆ ಗೊತ್ತಿತ್ತು. ಮುರಿದ ಹಲ್ಲು ಗೊತ್ತಿತ್ತು. ಆದರೆ ಅವೆಲ್ಲ ಕೂಡಿ ಒಂದು ಮುಖವಾಗಲೇ ಇಲ್ಲ. ಎದುರಿಗೆ ಯಾರೋ ಅಪರಿಚಿತೆ.

“ಯಾರು ನೀನು?” ಎಂದುಬಿಟ್ಟ.

“ನಿನ್ನೆ ಬಾಗಿಲ ಹಿಂದೆ ನಿಂತು ಇದನ್ನೇ ಕೇಳಿದೆ,” ಎಂದು ಅವಳು ಗೋಡೆಯ ಕಡೆ ತಿರುಗಿದಳು.

ಅವನು ಅಳುತ್ತ ಅವಳ ಕಾಲು ಹಿಡಿದ. ಯಾರ ಕಾಲು ಹಿಡಿದಿದ್ದೇನೆಂದು ಅವನಿಗೇ ತಿಳಿಯಲಿಲ್ಲ. ಹಿಮ ಕರಗಿ ದಾರಿ ತೆರೆದಾಗ ಐಬೂಕೆ ಸಿವಾಸಿನ ವರ್ತಕರ ಸಂಸಾರಗಳ ಜೊತೆ ತವರಿಗೆ ಹೊರಟಳು. ಹೆಂಗಸರು ಒಬ್ಬೊಬ್ಬರಾಗಿ ಹೆಬ್ಬಾಗಿಲು ದಾಟಿದರು. ಅವರಲ್ಲಿ ತನ್ನವಳು ಯಾರೆಂದು ಕಾವಲುಗಾರನಿಗೆ ಗುರುತು ಹತ್ತಲಿಲ್ಲ. ಪ್ರತಿಯೊಬ್ಬಳಿಗೂ ತಲೆಬಾಗಿ ಸಲಾಮು ಮಾಡುತ್ತ ನಿಂತ.