ಸಂಘಮಿತ್ರಾಳ ಬದುವಿನ ಕಸ

ಆಡೂರಿನ ಹೊಲಗಳಿಗೆ ಬಿಸಿಲೇರುವ ಮೊದಲೇ ಲೋಹಿತ ಸಂಘಮಿತ್ರಾಳ ಬದುವನ್ನು ಬೋಳು ಮಾಡಿ ಮುಗಿಸಿದ್ದ. ಅಷ್ಟು ಸಿಟ್ಟು, ಅಷ್ಟೇ ಪ್ರೀತಿ.

ಪಾರ್ಥೇನಿಯಂ, ಊರವರ ಬಾಯಲ್ಲಿ ಕಾಂಗ್ರೆಸ್ ಕಸ, ಆ ಬದುವಿನಿಂದಲೇ ಅವನ ಗೋವಿನಜೋಳಕ್ಕೆ ಹಬ್ಬುತ್ತಿತ್ತು. ಹೂಪುಡಿ ಹಾರಿದರೆ ಅವ್ವ ಉಡಚವ್ವನಿಗೆ ಉಬ್ಬಸ. ಅದಕ್ಕಾಗಿ ಪಕ್ಕದ ಹೊಲದ ಈ ಹುಡುಗಿಯ ಮೇಲೆ ಅವನು ಕೂಗಾಡದ ವಾರವಿಲ್ಲ. ಅವಳು ಸೊಂಟಕ್ಕೆ ಕೈಯಿಟ್ಟು ಒಂದೇ ಹುಬ್ಬು ಏರಿಸಿದರೆ ಸಾಕು, ಬೈಗುಳ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಇವತ್ತು ಜಗಳಕ್ಕೆ ಕಸವೇ ಇರಬಾರದು, ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇ ಬಿಡಬೇಕು ಎಂದು ಬಂದಿದ್ದ.

ಕೊಡ ಹೊತ್ತು ಬಂದ ಸಂಘಮಿತ್ರಾ ನಿಂತಲ್ಲೇ ನಿಂತಳು. ಕೊಡ ಜಾರಿ ನೀರೆಲ್ಲ ನೆಲದ ಪಾಲಾಯಿತು.

“ಏನ್ ಮಾಡಿದಿ ಲೋಹಿತಾ?”

“ಕಸಾ ಕಿತ್ತೇನಿ. ಹೂ ಬಿಡೂಕಿಂತ ಮೊದ್ಲ ಬೇರ್ ಸುದ್ದಾ ಕೀಳಬೇಕು.”

ತುರಿಕೆಗೆ ಹೆದರಿ ಅವನು ಕೈಗೆ ಪ್ಲಾಸ್ಟಿಕ್ ಚೀಲ, ಮೂಗಿಗೆ ಟವೆಲ್ ಕಟ್ಟಿಕೊಂಡಿದ್ದ. ಅವಳು ಟವೆಲ್ ಜಗ್ಗಿ, ಬಿದ್ದ ಸಸಿಯ ಎಲೆಯೊಂದನ್ನು ತಿಕ್ಕಿ, ಬೆರಳನ್ನು ಅವನ ಮೂಗಿಗೇ ಹಿಡಿದಳು.

ಸೇವಂತಿ!

ಹೂವಿಲ್ಲದಾಗ ಕಾಂಗ್ರೆಸ್ ಕಸ, ಸೇವಂತಿ ಎರಡರ ಎಲೆಗಳೂ ಅಂಚು ಸೀಳಿ ಒಂದೇ ಥರ ಕಾಣುತ್ತವೆ, ಮೂಸಿ ನೋಡಿ ಕೀಳಿರಿ ಎಂದು ಊರಿಗೆಲ್ಲ ಹೇಳುತ್ತಿದ್ದವನು ಲೋಹಿತನೇ.

“ಕಸಾ ನಾನ ಕಿತ್ತಿದ್ದೆ,” ಎಂದಳು ಅವಳು. “ಜಾಗಾ ಖಾಲಿ ಬಿಟ್ರ ಮತ್ತ ಹುಟ್ಟತೈತಿ ಅಂತ ಶ್ಯಾವಂತಿ ಹಚ್ಚಿದ್ದೆ. ನಿಮ್ಮವ್ವಗ ಉಸುರು ಕಟ್ಟಬಾರದಂತ.”

ಅವನಿಗೇ ಉಸಿರು ಕಟ್ಟಿತು.

“ನಂಗ ಗೊತ್ತಿರಲಿಲ್ಲ... ಇವತ್ತ ಬೈಯೂದು ಬಿಟ್ಟು ಬ್ಯಾರೇ ಮಾತ ಹೇಳಬೇಕಂತ ಬಂದಿದ್ದೆ.”

“ಯಾವ ಮಾತು?”

“ನೀನಂದ್ರ ನನಗ ಜೀವ.”

ಅವಳ ಕಣ್ಣುಗಳು ಇಷ್ಟಗಲವಾದವು.

“ಅದನ್ನ ಹೇಳಾಕ ಬದು ಕಿತ್ತಿಯಾ? ಇನ್ನ ಸಿಟ್ಟ ಬಂದಿದ್ರ ನಮ್ಮ ಮನೀನ ಕಿತ್ತಿಡ್ತಿದ್ದಿ ಏನಪಾ ಸಾಹೇಬಾ?”

ಅವನು ತಲೆ ತಗ್ಗಿಸಿದ. ಅವಳು ಕುಕ್ಕರಗಾಲಲ್ಲಿ ಕೂತು ಒಂದು ಸಸಿ ಎತ್ತಿ ನೋಡಿದಳು.

“ಬೇರು ಇನ್ನೂ ಹಸೀ ಅದಾವು. ನೋಡ್ಕೋತ ಯಾಕ ನಿಂತಿ? ಕುಂದ್ರು, ಹಚ್ಚು.”

ಚೀಲ ಕಿತ್ತೆಸೆದು ಅವನೂ ಕೂತ. ಇಬ್ಬರೂ ಕೊಡದ ನೀರು ಚೆಲ್ಲಿ ಆದ ಕೆಸರಲ್ಲಿ ಸಸಿ ಊರುತ್ತ ಹೋದರು. ಬೆರಳಿಗೆ ಬೆರಳು ತಾಕಿತು. ಅವಳು ಕೈ ಸರಿಸಲಿಲ್ಲ.

“ಸಂಜಿಗೆ ಮನಿಗೆ ಬಾ. ಅಪ್ಪನ ಮುಂದೂ ಈ ಮಾತ ಹೇಳು,” ಎಂದಳು, ಮುಖ ಎತ್ತದೆ. “ನಾ ಹೂಂ ಅಂದೇನಿ ಅಂತನೂ ಹೇಳು.”

ಏಳಲು ಹೊರಟಿದ್ದ ಲೋಹಿತ ಹಾಗೇ ಕೆಸರಲ್ಲಿ ಕುಸಿದು ಕೂತ.